ಯಾವುದಾದ್ರೂ ಒಂದು ಎಲೆ ತೆಗೀರಿ ಸಾರ್

ಬೆಂಗಳೂರಿನಲ್ಲಿ ಈಗ ಯಾರ ಜೇಬಿನಲ್ಲೂ ಚಿಲ್ಲರೆ ಇಲ್ಲ. ಆದರೆ ನಾಣ್ಯ ಮಾಯ ಮಾಡುವುದು ಮಾತ್ರ ಎಲ್ಲರಿಗೂ ಬರುತ್ತದೆ. ಎಳನೀರಿನ ಗಾಡಿಗೆ ಕ್ಯೂಆರ್ ಕೋಡ್ ಬಂತು, ಹೂವಿನ ಬುಟ್ಟಿಗೆ ಬಂತು, ಮಂಗಳಾರತಿ ತಟ್ಟೆಗೂ ಬಂತು. ಒಂದು ರೂಪಾಯಿಯ ಮುಖ ನೋಡಿ ಎಷ್ಟೋ ಕಾಲ ಆದ ಜನ ಈಗ ರಾತ್ರಿ ಕೂತು ಕಾಯಿನ್ ಮ್ಯಾಜಿಕ್ ವಿಡಿಯೋ ನೋಡುತ್ತಿದ್ದಾರೆ. ಇಲ್ಲದ ನಾಣ್ಯವನ್ನು ಮಾಯ ಮಾಡುವುದಕ್ಕೆ ಅಭ್ಯಾಸ ಯಾಕೆ ಬೇಕೋ ಆ ದೇವರಿಗೇ ಗೊತ್ತು.

ನಿಮಗೂ ಈ ಕಾಟ ತಟ್ಟಿರುತ್ತದೆ ಬಿಡಿ. ಆಫೀಸಿನಲ್ಲಿ ಪಕ್ಕದ ಸೀಟಿನವನು, ಮೆಟ್ರೋದಲ್ಲಿ ಎದುರು ಕೂತ ಹುಡುಗ, ಗೃಹಪ್ರವೇಶಕ್ಕೆ ಬಂದ ನೆಂಟ. ಊಟ ಮುಗಿದು ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಸರಿಯಾಗಿ ಜೇಬಿನಿಂದ ಬೇರೆ ಎಲೆಯ ಕಟ್ಟು ಹೊರಗೆ ಬರುತ್ತದೆ. "ಯಾವುದಾದ್ರೂ ಒಂದು ಎಲೆ ತೆಗೀರಿ ಸಾರ್." ಬೇಡಪ್ಪ ಅಂದರೆ ಬಿಡುವುದಿಲ್ಲ. ತೆಗೆದರೆ, "ಅದಲ್ಲ ಸಾರ್, ಬೇರೆ ತೆಗೀರಿ" ಅನ್ನುತ್ತಾರೆ. ಮತ್ತೆ ತೆಗೆದರೆ ಅದೂ ಅಲ್ಲವಂತೆ. ಕೊನೆಗೆ ಕಟ್ಟಿನಿಂದ ಒಂದು ಎಲೆ ತಾನಾಗಿಯೇ ಅರ್ಧ ಇಂಚು ಹೊರಗೆ ಬಂದು ನಿಮ್ಮ ಮೂಗಿನ ಹತ್ತಿರ ನಿಂತಿರುತ್ತದೆ. ಅದನ್ನು ತೆಗೆದುಕೊಳ್ಳುವವರೆಗೂ ಯಾರಿಗೂ ಬಿಡುಗಡೆ ಇಲ್ಲ. ಆಮೇಲೆ ಕಣ್ಣು ಮುಚ್ಚಿ, ಹಣೆ ಉಜ್ಜಿಕೊಂಡು, "ಆಟೀನ್ ರಾಣಿ, ಅಲ್ವಾ?" ಅನ್ನುತ್ತಾರೆ. ಹೌದಪ್ಪ, ನೀನೇ ಕೊಟ್ಟಿದ್ದಲ್ಲ.

ಮೊನ್ನೆ ಬಸವನಗುಡಿಯ ಛತ್ರವೊಂದರಲ್ಲಿ ಮದುವೆ. ಹುಡುಗಿ ಕಡೆಯ ಒಬ್ಬ ಹುಡುಗ, ಇಂಜಿನಿಯರಿಂಗ್ ಮೂರನೇ ವರ್ಷ, ಹಿರಿಯರ ಗುಂಪಿನ ನಡುವೆ ನುಗ್ಗಿ, "ಅಂಕಲ್, ಯಾರಾದ್ರೂ ಒಂದು ಕಾಯಿನ್ ಕೊಡಿ" ಅಂದ. ಎಲ್ಲರೂ ಜೇಬು ತಡಕಿದರು. ಫೋನ್ ಸಿಕ್ಕಿತು, ಕಾರಿನ ಕೀ ಸಿಕ್ಕಿತು, ಬಿಪಿ ಮಾತ್ರೆಯ ಹಾಳೆ ಸಿಕ್ಕಿತು. ನಾಣ್ಯ ಇಲ್ಲ. ಪುರೋಹಿತರನ್ನು ಕೇಳಿದರೆ, "ದಕ್ಷಿಣೆ ಎಲ್ಲ ಈಗ ಫೋನಿಗೇ ಬರುತ್ತೆ" ಅಂದರು. ಕೊನೆಗೆ ಹುಡುಗನ ಸೋದರತ್ತೆಗೆ ಉಪಾಯ ಹೊಳೆಯಿತು. ಬ್ಯಾಗಿನಿಂದ ಮುಯ್ಯಿ ಕವರ್ ತೆಗೆದು, ಅದರ ಮೇಲೆ ಅಂಟಿಸಿದ್ದ ಒಂದು ರೂಪಾಯಿಯನ್ನು ಉಗುರಿನಿಂದ ಎಬ್ಬಿಸಿ ಕೊಟ್ಟರು. ಈ ಊರಲ್ಲಿ ಒಂದು ರೂಪಾಯಿ ನಾಣ್ಯ ಗಟ್ಟಿಯಾಗಿ ನೆಲೆ ನಿಂತಿರುವುದು ಅಲ್ಲೊಂದೇ ಕಡೆ.

ನಾಣ್ಯದ ಬೆನ್ನಿಗೆ ಅಂಟು ಹಾಗೇ ಇತ್ತು. ಹುಡುಗ ಅದನ್ನು ಅಂಗೈಯಲ್ಲಿ ಒತ್ತಿಕೊಂಡ, ಕೈ ತಿರುಗಿಸಿದ, ಕೊಡವಿದ, ಚಪ್ಪಾಳೆ ತಟ್ಟುವ ಹಾಗೆ ಮಾಡಿದ. ನಾಣ್ಯ ಬೀಳಲೇ ಇಲ್ಲ. ದೊಡ್ಡ ದೊಡ್ಡ ಜಾದೂಗಾರರು ವರ್ಷಗಟ್ಟಲೆ ಸಾಧನೆ ಮಾಡಿ ಅಂಗೈ ಸ್ನಾಯುವಿನಲ್ಲಿ ನಾಣ್ಯ ಹಿಡಿಯುವುದನ್ನು ಕಲಿಯುತ್ತಾರೆ. ಇವನಿಗೆ ಒಂದು ಬೊಟ್ಟು ಗೋಂದಿನಲ್ಲಿ ಸಿದ್ಧಿ ಆಯಿತು. ಎಲ್ಲರೂ ಭಲೇ ಅಂದರು. ಕಷ್ಟ ಶುರುವಾಗಿದ್ದು ಆಮೇಲೆ. ವಿಡಿಯೋದ ಪ್ರಕಾರ ನಾಣ್ಯವನ್ನು ಅತ್ತೆಯ ಕಿವಿಯಿಂದ ಹೊರಗೆ ತೆಗೆಯಬೇಕಿತ್ತು. ಕಿವಿಯ ಹತ್ತಿರ ಕೈ ಹೋಯಿತು, ಎಳೆದ. ನಾಣ್ಯ ಬರಲಿಲ್ಲ, ಅತ್ತೆಯ ನಾಲ್ಕು ಕೂದಲು ಬಂತು. ಅತ್ತ ಮುಯ್ಯಿ ಬರೆಯುವವರ ಮೇಜಿನಲ್ಲಿ ಇನ್ನೊಂದು ತಕರಾರು. ಕವರ್ ಮೇಲೆ 501 ಅಂತ ಇದೆ, ಒಳಗೆ 500 ಇದೆ, ಆ ಒಂದು ಎಲ್ಲಿ? "ಅದು ನಮ್ಮ ಹುಡುಗನ ಕೈಗೆ ಅಂಟಿಕೊಂಡಿದೆ ಸ್ವಾಮಿ, ಬರ್ಕೊಳ್ಳಿ" ಅಂತ ಅತ್ತೆ ಕೂದಲು ಸರಿಮಾಡಿಕೊಳ್ಳುತ್ತಾ ಹೇಳಿದರು.

ಈ ಕಲಿಸುವ ವಿಡಿಯೋಗಳ ಬಗ್ಗೆ ನನಗೆ ಅಪಾರ ಗೌರವ ಇದೆ. "ಐದೇ ನಿಮಿಷದಲ್ಲಿ ಜಾದೂಗಾರರಾಗಿ" ಅಂತ ತಲೆಬರಹ. ಪಕ್ಕದಲ್ಲಿ ಬಾಯಿ ತೆರೆದ ಮುಖ, ಒಂದು ಕೆಂಪು ಬಾಣ. ಮೊದಲ ನಿಮಿಷ ಕುಶಲೋಪರಿ. ಎರಡನೆಯದು ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ. ಮೂರನೆಯದು ಯಾವುದೋ ಸಾಲದ ಆ್ಯಪಿನ ಜಾಹೀರಾತು. ನಾಲ್ಕನೇ ನಿಮಿಷದಲ್ಲಿ ಗುಟ್ಟು. ಐದನೆಯದರಲ್ಲಿ, "ಸ್ವಲ್ಪ ಪ್ರಾಕ್ಟೀಸ್ ಮಾಡಿ" ಅಂತ ಒಂದು ಮಾತು. ಆ "ಸ್ವಲ್ಪ" ಅನ್ನುವುದರೊಳಗೆ ಒಬ್ಬ ಮನುಷ್ಯನ ಯೌವನ ಪೂರ್ತಿ ಕಳೆದುಹೋಗಬಹುದು. ಅದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಎಲ್ಲರೂ ಮೊದಲು ಕಲಿಯುವುದು ಫ್ರೆಂಚ್ ಡ್ರಾಪ್. ಎಡಗೈ ಬೆರಳ ತುದಿಯಲ್ಲಿ ನಾಣ್ಯ ಹಿಡಿಯುತ್ತೀರಿ. ಬಲಗೈ ಬಂದು ಅದನ್ನು ತೆಗೆದುಕೊಂಡ ಹಾಗೆ ಮುಷ್ಟಿ ಕಟ್ಟುತ್ತದೆ. ನಾಣ್ಯ ಮಾತ್ರ ಎಡಗೈಯೊಳಗೇ ಜಾರಿ ಕೂತಿರುತ್ತದೆ. ಇಷ್ಟೇ. ಕೈಕೆಲಸ ಇಲ್ಲಿಗೆ ಮುಗಿಯಿತು, ಇನ್ನು ಉಳಿದಿದ್ದು ಕಣ್ಣಿನ ಕೆಲಸ. ಖಾಲಿ ಬಲಗೈಯಲ್ಲೇ ನಾಣ್ಯ ಇದೆ ಅಂತ ಮೊದಲು ನೀವು ನಂಬಿ ಅದನ್ನೇ ನೋಡಬೇಕು. ನಿಮ್ಮ ಕಣ್ಣು ಎಲ್ಲಿಗೋ ಎದುರಿನವರ ಕಣ್ಣೂ ಅಲ್ಲಿಗೇ. ನಮ್ಮ ವಿಡಿಯೋ ಪಂಡಿತರು ಕೈ ಎಲ್ಲ ಸರಿಯಾಗಿಯೇ ಮಾಡುತ್ತಾರೆ. ಕಣ್ಣು ಮಾತ್ರ ಎಡಗೈ ಬಿಟ್ಟು ಕದಲುವುದಿಲ್ಲ. ಎಲ್ಲಿ ಬಿದ್ದುಬಿಡುತ್ತೋ ಅಂತ ಭಯ. ಜತೆಗೆ ಕ್ಯಾಮೆರಾ ಇರುವುದು ಎದುರಿಗೆ ಮಾತ್ರ. ಛತ್ರದಲ್ಲಿ ಬೆನ್ನ ಹಿಂದೆ ಮೂರು ಮಕ್ಕಳು ಕುರ್ಚಿ ಹತ್ತಿ ನಿಂತಿರುತ್ತವೆ. ಅವು ಸುಮ್ನೆ ಇರುತ್ತವಾ? "ಅಂಕಲ್, ಆ ಕೈ ತೋರ್ಸಿ" ಅಂತ ಒಂದು ಕೂಗಿದರೆ ಮುಗಿಯಿತು, ಅಲ್ಲಿಗೆ ಇಂದ್ರಜಾಲಕ್ಕೆ ಮಂಗಳ.

ಇನ್ನೊಂದು ತಾಪತ್ರಯ ನಾಣ್ಯದ ಅಳತೆಯದು. ವಿಡಿಯೋದವನ ಕೈಯಲ್ಲಿ ಇರುವುದು ಅಮೆರಿಕದ ಹಾಫ್ ಡಾಲರ್. ಹೆಚ್ಚುಕಮ್ಮಿ 30.6 ಮಿಲಿಮೀಟರ್ ಅಗಲ. ಅಂಗೈಯ ಎರಡು ದಿಬ್ಬಗಳ ನಡುವೆ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ. ತಮಾಷೆ ಅಂದರೆ, ಅಮೆರಿಕದಲ್ಲೂ ಆ ನಾಣ್ಯ ಯಾರ ಜೇಬಿನಲ್ಲೂ ಸಾಮಾನ್ಯವಾಗಿ ಇರುವುದಿಲ್ಲ. ನಮ್ಮ ಹೊಸ ಒಂದು ರೂಪಾಯಿ 20 ಮಿಲಿಮೀಟರ್. ಅದು ಅಂಗೈಯಲ್ಲಿ ನಿಲ್ಲುವುದಿಲ್ಲ, ಸೀದಾ ತೋಳಿನೊಳಗೆ ಇಳಿದು ಮೊಣಕೈ ಹತ್ತಿರ ಸಿಗುತ್ತದೆ. ಇದ್ದುದರಲ್ಲಿ ಹೊಂದುವುದು 27 ಮಿಲಿಮೀಟರಿನ ಹತ್ತು ರೂಪಾಯಿ ನಾಣ್ಯ. ಅದನ್ನು ಅಂಗಡಿಯಲ್ಲಿ ಕೊಟ್ಟು ನೋಡಿ. "ಇದು ಓಡಲ್ಲ ಸಾರ್." ಯಾಕೆ ಓಡಲ್ಲ? ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಹತ್ತು ರೂಪಾಯಿ ನಾಣ್ಯದ 14 ವಿನ್ಯಾಸಗಳೂ ಚಲಾವಣೆಯಲ್ಲಿವೆ, ಎಲ್ಲವನ್ನೂ ತೆಗೆದುಕೊಳ್ಳಿ ಅಂತ ಹೇಳಿದೆ. ಅಂಗಡಿಯವರು ರಿಸರ್ವ್ ಬ್ಯಾಂಕಿನ ಮಾತು ಯಾಕೆ ಕೇಳುತ್ತಾರೆ? ಪಕ್ಕದ ಅಂಗಡಿಯವನ ಮಾತು ಕೇಳುತ್ತಾರೆ. ಹಾಗಾಗಿ ಯಾರೂ ಮಾಯ ಮಾಡಲಾಗದ ನಾಣ್ಯ ಒಂದಿದ್ದರೆ ಅದು ಹತ್ತು ರೂಪಾಯಿಯದು. ಯಾವ ಜಾದೂಗಾರ ಬಂದರೂ ಅದು ನಮ್ಮ ಕೈ ಬಿಟ್ಟು ಹೋಗುವುದಿಲ್ಲ.

ಎಲೆಗಳ ಕಥೆ ಬೇರೆ. ನಮ್ಮ ಮನೆಗಳಲ್ಲಿ ಇಸ್ಪೀಟ್ ಕಟ್ಟಿಗೆ ಒಳ್ಳೆ ಹೆಸರಿಲ್ಲ. ಅಂದರ್ ಬಾಹರ್ ಅಡ್ಡೆ ಮೇಲೆ ದಾಳಿ, ಇಷ್ಟು ಜನರ ಬಂಧನ, ಇಷ್ಟು ನಗದು ವಶ ಅಂತ ಪೇಪರಿನ ಮೂಲೆಯಲ್ಲಿ ಓದಿ ಬೆಳೆದವರು ನಾವು. ಈಗಿನ ಹುಡುಗರು ಹಾಲ್‌ನಲ್ಲಿ ಕೂತು ಎಲೆಗಳನ್ನು ಬೀಸಣಿಗೆ ಮಾಡಿ, ಒಂದು ಕೈಯಲ್ಲೇ ಕಟ್ ಮಾಡಿ, ಗಾಳಿಯಲ್ಲಿ ತಿರುಗಿಸುತ್ತಾರೆ. ನನ್ನ ಪರಿಚಯದ ಮನೆಯೊಂದರಲ್ಲಿ ಅಜ್ಜಿ ಕೇಳಿದರು, "ಏನೋ ಇದು, ಹಾಡಹಗಲೇ ಇಸ್ಪೀಟು?" ಮೊಮ್ಮಗ, "ಅಜ್ಜಿ, ಇದು ಇಸ್ಪೀಟಲ್ಲ, ಕಾರ್ಡಿಸ್ಟ್ರಿ" ಅಂದ. "ಪೊಲೀಸ್‌ನೋರು ಬಂದಾಗ ಅದನ್ನೇ ಹೇಳು" ಅಂತ ಅಜ್ಜಿ ಸೊಪ್ಪು ಬಿಡಿಸುವುದಕ್ಕೆ ಹೋದರು. 2025ರ ಆಗಸ್ಟಿನಲ್ಲಿ ಕೇಂದ್ರದ ಕಾನೂನು ಬಂದು ದುಡ್ಡು ಕಟ್ಟಿ ಆಡುವ ರಮ್ಮಿ ಆ್ಯಪ್‌ಗಳು ಬಾಗಿಲು ಹಾಕಿದವಲ್ಲ, ಆವತ್ತಿನಿಂದ ಊರಿನ ಎಷ್ಟೋ ಹೆಬ್ಬೆರಳುಗಳಿಗೆ ಕೆಲಸ ಇಲ್ಲ. ಅವೆಲ್ಲ ಈಗ ಇಲ್ಲಿಗೆ ಬಂದಿವೆ ಅಂತ ನನ್ನ ಅನುಮಾನ.

ಎಲೆ ಆಟಗಳಲ್ಲಿ ನನಗೆ ಬಹಳ ಹಿಡಿಸಿದ್ದು ಫ್ಯಾರೋ ಅನ್ನುವ ಕಲಸಾಟ. ಕಟ್ಟನ್ನು ಸರಿಯಾಗಿ ಎರಡು ಪಾಲು ಮಾಡಬೇಕು. ಆ ಕಡೆಯದೊಂದು ಈ ಕಡೆಯದೊಂದು ಎಲೆ ಬರುವ ಹಾಗೆ ಹೆಣೆದು ಕಲಸಬೇಕು. ಮೇಲಿನ ಎಲೆ ಮೇಲೇ ಉಳಿಯಬೇಕು. ಹೀಗೆ ಒಂದೂ ತಪ್ಪಿಲ್ಲದೆ ಎಂಟು ಸಲ ಕಲಸಿದರೆ 52 ಎಲೆಗಳೂ ಮೊದಲು ಎಲ್ಲಿದ್ದವೋ ಅಲ್ಲಿಗೇ ವಾಪಸ್ ಬಂದು ಕೂರುತ್ತವೆ. ನೋಡುವವರಿಗೆ ಭಾರಿ ಬದಲಾವಣೆ ನಡೆಯುತ್ತಿದೆ ಅನ್ನಿಸುತ್ತದೆ. ಇದನ್ನು ಕೈಗೂಡಿಸಿಕೊಳ್ಳಲು ಜಾದೂಗಾರರು ಪಡಬಾರದ ಪಾಡು ಪಡುತ್ತಾರೆ. ನಮ್ಮ ಊರಿನ ಆಡಳಿತಕ್ಕೆ ಇದು ನೀರು ಕುಡಿದಷ್ಟು ಸಲೀಸು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿಸಿ ಕಲಸಿದರು, ಬೃಹತ್ ಬೆಂಗಳೂರು ಆಯಿತು. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿಯಿತು. ಅಲ್ಲಿಂದ ಐದು ವರ್ಷ ಚುನಾವಣೆಯೇ ಮಾಯ. ಯಾವ ತೋಳಿನೊಳಗೆ ಹೋಯಿತೋ ಯಾರೂ ಹೇಳಲಿಲ್ಲ. 2025ರಲ್ಲಿ ಮತ್ತೆ ಕಟ್ ಮಾಡಿ ಐದು ಪಾಲಿಕೆ ಮಾಡಿದರು, ಮೇಲೊಂದು ಪ್ರಾಧಿಕಾರ ಇಟ್ಟರು. ಕಲಸಿದ್ದು ಎಷ್ಟು ಚೆಂದ ಅಂದರೆ, ಸಿಲ್ಕ್ ಬೋರ್ಡ್ ಜಂಕ್ಷನ್ ಇದ್ದಲ್ಲೇ ಇದೆ, ಗುಂಡಿ ಮುಚ್ಚುವ ಗಡುವು ಇದ್ದಲ್ಲೇ ಇದೆ, ಮೇಲಿನ ಎಲೆ ಮೇಲೇ ಇದೆ.

ಇರಲಿ, ಎಲೆಗೆ ಬರೋಣ. ಎಲೆಯ ಕೈಚಳಕ ಕಲಿಯುವವರಿಗೆ ಇವತ್ತಿಗೂ ದೊಡ್ಡ ಗ್ರಂಥ ಅಂದರೆ 1902ರಲ್ಲಿ ಅಮೆರಿಕದಲ್ಲಿ ಬಂದ ಒಂದು ಪುಸ್ತಕ, "ದಿ ಎಕ್ಸ್‌ಪರ್ಟ್ ಅಟ್ ದಿ ಕಾರ್ಡ್ ಟೇಬಲ್". ಬರೆದವನು ಎರ್ಡ್‌ನೇಸ್ ಅಂತ ಹೆಸರು ಹಾಕಿಕೊಂಡಿದ್ದಾನೆ. ಅದು ಅವನ ಅಸಲಿ ಹೆಸರಲ್ಲ. ಯಾರವನು ಅಂತ ನೂರಿಪ್ಪತ್ತು ವರ್ಷ ಕಳೆದರೂ ಇತ್ಯರ್ಥ ಆಗಿಲ್ಲ. ಪುಸ್ತಕ ಬರೆದಿದ್ದು ದುಡ್ಡು ಬೇಕಾಗಿತ್ತು ಅಂತ, ಅದನ್ನು ಅವನೇ ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದಾನೆ. ಗುಟ್ಟು ಕೊಟ್ಟು ತಾನು ಮಾಯ ಆದ. ನಮ್ಮವರದು ಉಲ್ಟಾ. ಪರದೆಯ ಮುಕ್ಕಾಲು ಭಾಗ ಮುಖ, ಕಾಲು ಭಾಗದಲ್ಲಿ ಕೈ. ದುಡ್ಡಿನ ಮಾತೇ ಇಲ್ಲ, ಎಲ್ಲ ನಿಮ್ಮ ಪ್ರೀತಿಗಾಗಿ.

ಜಗತ್ಪ್ರಸಿದ್ಧ ಜಾದೂಗಾರ ಹೂಡಿನಿ ಕಥೆ ಗೊತ್ತಲ್ಲ? ಒಂದೇ ಆಟವನ್ನು ಮೂರು ಸಲ ತೋರಿಸಿದರೆ ಗುಟ್ಟು ಹೇಳಿಬಿಡುತ್ತೇನೆ ಅಂತ ಜಂಬ ಕೊಚ್ಚಿಕೊಳ್ಳುತ್ತಿದ್ದರು. 1922ರಲ್ಲಿ ಡೈ ವರ್ನನ್ ಅನ್ನುವ ಯುವಕ ಸಿಕ್ಕಿದ. ಹೂಡಿನಿ ಕೈಯಿಂದಲೇ ಎಲೆಯ ಮೇಲೆ ಗುರುತು ಹಾಕಿಸಿದ. ಅದನ್ನು ಕಟ್ಟಿನೊಳಗೆ ಇಟ್ಟ. ಮರುಕ್ಷಣ ಅದು ಮೇಲೆ. ಮತ್ತೆ ಒಳಗೆ, ಮತ್ತೆ ಮೇಲೆ. ಮೂರು ಸಲ ಕಳೆದು ಮುಂದಕ್ಕೂ ಹೋಯಿತು, ಹೂಡಿನಿಗೆ ತಳಬುಡ ಗೊತ್ತಾಗಲಿಲ್ಲ. ಆಮೇಲೆ ವರ್ನನ್‌ಗೆ ಹೂಡಿನಿಯನ್ನೇ ಯಾಮಾರಿಸಿದವನು ಅಂತ ಹೆಸರು ಬಂತು. ಇವತ್ತಾಗಿದ್ದರೆ ಹೂಡಿನಿ ವಿಡಿಯೋ ಮಾಡಿಕೊಂಡು, ವೇಗ ಕಾಲು ಭಾಗಕ್ಕೆ ಇಳಿಸಿ, ಬೆರಳಲ್ಲಿ ಹಿಂದೆ ಮುಂದೆ ಎಳೆದು, "ಹಾ, ಎರಡು ಎಲೆ ಒಟ್ಟಿಗೆ ಎತ್ತಿದ" ಅಂತ ಫ್ಯಾಮಿಲಿ ಗ್ರೂಪಿಗೆ ಹಾಕುತ್ತಿದ್ದರು. ಯಾಮಾರುವ ಸುಖ ಅಂತ ಒಂದಿತ್ತು. ಅದನ್ನು ವಿಡಿಯೋ ನಿಲ್ಲಿಸುವ ಪಾಜ್ ಬಟನ್ ನುಂಗಿ ಹಾಕಿತು.

ಗುಟ್ಟು ಬಯಲು ಮಾಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಅದಕ್ಕೂ ಒಂದು ಮರ್ಯಾದೆಯ ಕಾಲ ಇತ್ತು. 1584ರಲ್ಲಿ ಇಂಗ್ಲೆಂಡಿನ ರೆಜಿನಾಲ್ಡ್ ಸ್ಕಾಟ್ ಅನ್ನುವವನು ಒಂದು ಪುಸ್ತಕ ಬರೆದು, ನಾಣ್ಯ, ಎಲೆ, ಚೆಂಡಿನ ಕಣ್ಕಟ್ಟುಗಳನ್ನೆಲ್ಲ ಹೇಗೆ ಮಾಡುತ್ತಾರೆ ಅಂತ ಬಿಡಿಸಿ ಹೇಳಿದ. ಲೈಕ್ ಸಿಗಲಿ ಅಂತಲ್ಲ. ಮಾಟಗಾತಿ ಅಂತ ಹೆಸರು ಹಚ್ಚಿ ಬಡ ಮುದುಕಿಯರನ್ನು ನೇಣಿಗೆ ಹಾಕುತ್ತಿದ್ದ ಕಾಲ ಅದು. ಇದರಲ್ಲಿ ಮಾಟ ಇಲ್ಲ ಕಣ್ರಪ್ಪ, ಕೈಚಳಕ ಅಷ್ಟೇ ಅಂತ ತೋರಿಸಲು ಬರೆದ.

ನಮ್ಮ ಊರಲ್ಲೂ ಅಂಥವರೊಬ್ಬರು ಇದ್ದರು. ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯ. ಖಾದಿ, ಗಾಂಧಿ ಟೋಪಿ, ಹಾಸ್ಟೆಲಿನ ಒಂದು ಕೋಣೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷೆ ಮಾಡುವುದಕ್ಕೇ ಒಂದು ಸಮಿತಿ ಮಾಡಿದರು. ಗಾಳಿಯಿಂದ ಉಂಗುರ, ಬೂದಿ ತೆಗೆದು ಕೊಡುತ್ತಿದ್ದ ಭಾರಿ ಹೆಸರಿನ ಬಾಬಾ ಒಬ್ಬರಿಗೆ, ನಮ್ಮೆದುರು ಬಂದು ಮಾಡಿ ತೋರಿಸಿ ಅಂತ ಕಾಗದ ಬರೆದರು. ಉತ್ತರ ಬರಲಿಲ್ಲ. ಉಂಗುರ ಯಾಕೆ, ಒಂದು ಕುಂಬಳಕಾಯಿ ಸೃಷ್ಟಿ ಮಾಡಲಿ ಅನ್ನುವ ಅವರ ಮಾತು ಹಳೆ ಬಸವನಗುಡಿಯವರಿಗೆ ಇನ್ನೂ ನೆನಪಿದೆ. ಕುಂಬಳಕಾಯಿಯನ್ನು ಅಂಗೈಯಲ್ಲಿ ಮುಚ್ಚಿಡಲಾಗುವುದಿಲ್ಲವಲ್ಲ. ಕಾಯಿನ್ ಮ್ಯಾಜಿಕ್ ಪೂರ್ತಿ ಆ ಒಂದು ಕುಂಬಳಕಾಯಿಯಲ್ಲಿದೆ. ನಾಣ್ಯ ಯಾಕೆ ನಾಣ್ಯದಷ್ಟೇ ಇದೆ ಅಂತ ಕೇಳಿದ್ದು ಅದು.

ಈಗ ಗುಟ್ಟು ಎಲ್ಲರಿಗೂ ಗೊತ್ತು. ಪ್ರತಿಯೊಬ್ಬರ ಫೋನಿನಲ್ಲೂ ಇದೆ. ಹಾಗಾದರೆ ಊರು ಇಷ್ಟೊತ್ತಿಗೆ ಯಾರಿಗೂ ಬಗ್ಗದ ಊರಾಗಿರಬೇಕಿತ್ತು, ಅಲ್ವಾ? ಪೇಪರ್ ತೆಗೆಯಿರಿ. ಡಿಜಿಟಲ್ ಅರೆಸ್ಟ್, ಅಂದರೆ ಪೊಲೀಸರ ಹೆಸರಲ್ಲಿ ವಿಡಿಯೋ ಕಾಲ್ ಮಾಡಿ ಹೆದರಿಸಿ ದುಡ್ಡು ಕೀಳುವ ಮೋಸ. ಬೆಂಗಳೂರಿನಲ್ಲಿ ಕೋಟಿಗಟ್ಟಲೆ ಕಳೆದುಕೊಂಡವರ ಸುದ್ದಿ ಈಗ ಹವಾಮಾನದ ಸುದ್ದಿಯ ಪಕ್ಕದಲ್ಲೇ ಬರುತ್ತದೆ. ಕಾನೂನಿನಲ್ಲಿ ಅಂಥ ಅರೆಸ್ಟೇ ಇಲ್ಲ ಅಂತ 2024ರ ಅಕ್ಟೋಬರಿನಲ್ಲಿ ಪ್ರಧಾನಿಯೇ ರೇಡಿಯೋದಲ್ಲಿ ಹೇಳಿದರು. ಆದರೂ ನಿಂತಿಲ್ಲ. ಆ ಕಳ್ಳರು ಮಾಡುವುದು ನೋಡಿ, ಪಕ್ಕಾ ಎಲೆ ಫೋರ್ಸ್ ಮಾಡುವ, ಅಂದರೆ ತಮಗೆ ಬೇಕಾದ ಎಲೆಯನ್ನೇ ನಿಮ್ಮ ಕೈಯಿಂದ ತೆಗೆಸುವ ಕೆಲಸ. ಪಾರ್ಸೆಲ್ ಬಂದಿದೆ, ಅದರಲ್ಲಿ ಡ್ರಗ್ಸ್ ಇದೆ, ಜೈಲಿಗೆ ಹೋಗ್ತೀರೋ ವಿಚಾರಣೆಗೆ ಸಹಕರಿಸ್ತೀರೋ, ನಿಮ್ಮಿಷ್ಟ. ಯಾವುದಾದರೂ ಒಂದು ಎಲೆ ತೆಗೀರಿ. ತೆಗೆಯುವವರೆಗೂ ವಿಡಿಯೋ ಕಾಲ್ ಕಟ್ ಮಾಡುವ ಹಾಗಿಲ್ಲ.

ಇಲ್ಲಿ ನಗು ಬರುವುದಿಲ್ಲ ನನಗೆ. ಪಿಂಚಣಿಯಲ್ಲಿ ಬದುಕುವ ಮುದುಕರು ಭಯದಲ್ಲಿ ಡಿಪಾಸಿಟ್ ಮುರಿಸಿ ದುಡ್ಡು ಕಳಿಸುತ್ತಾರೆ. ನಾವು ಹತ್ತು ರೂಪಾಯಿ ಕೊಟ್ಟರೆ ತಿರುಗಿಸಿ ತಿರುಗಿಸಿ ನೋಡುವ ಊರು ಇದು. ಅಷ್ಟು ದೊಡ್ಡ ದುಡ್ಡು ಹತ್ತಾರು ಖಾತೆ ದಾಟಿ ಹೋಗುವಾಗ ಒಬ್ಬರೂ ತಡೆದು, "ಯಾರಿಗೆ ಕಳಿಸ್ತಿದೀರಿ ಅಮ್ಮ?" ಅಂತ ಕೇಳುವುದಿಲ್ಲ. ಹೋದ ಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಅನ್ನುತ್ತಾರೆ. ಮಾಡಬೇಕು, ತಕ್ಷಣ ಮಾಡಬೇಕು, ಸರಿ. ಆದರೆ ಎಷ್ಟು ಸಲ ಅಂತ ಇದೇ ಸುದ್ದಿ ಓದುವುದು? ಅದಕ್ಕಿಂತ ಹೊಟ್ಟೆ ಉರಿಯುವುದು ಸುದ್ದಿ ಓದಿ ನಗುವವರನ್ನು ನೋಡಿದಾಗ. "ಇಷ್ಟು ಓದಿದವರು, ಅಷ್ಟೂ ಗೊತ್ತಾಗಲಿಲ್ವಾ?" ಅಂತ. ಗೊತ್ತಾಗುವುದಿಲ್ಲ ಸ್ವಾಮಿ. ಗೊತ್ತಾಗದ ಹಾಗೆ ಮಾಡುವುದೇ ಅವರ ದಂಧೆ. ಫ್ರೆಂಚ್ ಡ್ರಾಪ್ ಕಲಿತುಬಿಟ್ಟೆ, ನನ್ನನ್ನು ಯಾರೂ ಯಾಮಾರಿಸಲಾರರು ಅಂದುಕೊಂಡವರ ಸರದಿಯೂ ಬರುತ್ತದೆ.

ಸಾಕು. ಈ ವಿಡಿಯೋಗಳಿಂದ ನಿಜವಾಗಿ ಪೆಟ್ಟು ತಿಂದಿದ್ದು ಯಾರು ಗೊತ್ತಾ? ಹುಟ್ಟುಹಬ್ಬಕ್ಕೆ ಬರುವ ಜಾದೂಗಾರ. ಕಪ್ಪು ಕೋಟು, ಮಿಂಚುವ ಕಾಲರ್, ಟಿವಿಎಸ್ ಗಾಡಿಯ ಹಿಂದೆ ಕಟ್ಟಿಕೊಂಡು ಬಂದ ಒಂದು ಟ್ರಂಕು. ಇತ್ತೀಚೆಗೆ ಅಪಾರ್ಟ್‌ಮೆಂಟ್ ಒಂದರ ಪಾರ್ಟಿ ಹಾಲಿನಲ್ಲಿ ಅಂಥವರೊಬ್ಬರನ್ನು ನೋಡಿದೆ. ಐವತ್ತು ದಾಟಿದ ವಯಸ್ಸು. ನಾಣ್ಯ ಎತ್ತಿ ತೋರಿಸಿದ್ದೇ ತಡ, ಮುಂದಿನ ಸಾಲಿನ ಹುಡುಗ ಎದ್ದು ನಿಂತು, "ಅಂಕಲ್, ಇದು ನಂಗೊತ್ತು, ಈ ಕೈಲೇ ಇದೆ!" ಅಂದ. ಅಪ್ಪ ಅಮ್ಮ ಹೆಮ್ಮೆಯಿಂದ ಅದನ್ನೂ ವಿಡಿಯೋ ಮಾಡಿಕೊಂಡರು. ಜಾದೂಗಾರ ಬೇಜಾರು ಮಾಡಿಕೊಳ್ಳಲಿಲ್ಲ. "ಹೌದಾ ಪುಟ್ಟ?" ಅಂತ ಆ ಕೈ ತೆರೆದರು. ಖಾಲಿ. ಇನ್ನೊಂದೂ ಖಾಲಿ. ಹುಡುಗನ ಮುಖ ನೋಡಬೇಕಿತ್ತು. ಎರಡು ಸೆಕೆಂಡ್ ಬಾಯಿ ಮುಚ್ಚಲಿಲ್ಲ. ವಿಡಿಯೋದ ಮೇಲೆ ಅಂಟಿಸುವ ಬಾಯಿ ಅಲ್ಲ, ಅಸಲಿ ಬಾಯಿ. ನಾಣ್ಯ ಆಮೇಲೆ ಕೇಕಿನ ಪಕ್ಕದ ಚಿಪ್ಸ್ ಬಟ್ಟಲಿನಲ್ಲಿ ಸಿಕ್ಕಿತು. ಹೇಗೆ ಹೋಯಿತು ಅಂತ ನನಗೆ ಗೊತ್ತಿಲ್ಲ, ಹುಡುಕಲೂ ಹೋಗಲಿಲ್ಲ.

ಕಾರ್ಯಕ್ರಮ ಮುಗಿಯಿತು. ಟ್ರಂಕು ಕಟ್ಟುತ್ತಿದ್ದ ಜಾದೂಗಾರರ ಹತ್ತಿರ ಹುಡುಗನ ಅಪ್ಪ ಬಂದರು. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರು. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. "ನನ್ನ ಅಕೌಂಟಿ‌ಂದ ಹೋಗಿದೆ ನೋಡಿ" ಅಂತ ಫೋನ್ ತೋರಿಸಿದರು. ಇವರ ಫೋನಿಗೆ ಬಂದಿರಲಿಲ್ಲ. ಆ ಕೈಯಲ್ಲೂ ಇಲ್ಲ, ಈ ಕೈಯಲ್ಲೂ ಇಲ್ಲ.

"ಬರುತ್ತೆ ಬಿಡಿ, ಸರ್ವರ್ ಪ್ರಾಬ್ಲಮ್ಮು" ಅಂದ ಅಪ್ಪ, ಸ್ವಲ್ಪ ಹತ್ತಿರ ಸರಿದು ದನಿ ತಗ್ಗಿಸಿದರು. "ಅದಿರಲಿ, ಆ ಕಾಯಿನ್ ಹೇಗೆ ಮಾಡಿದ್ರಿ? ದುಡ್ಡು ಕೊಟ್ಟಿದೀನಲ್ಲ, ಹೇಳ್ಬಿಡಿ."

"ಹೇಳೋಣ ಸಾರ್," ಅಂತ ಜಾದೂಗಾರ ಟ್ರಂಕಿನ ಮೇಲೆ ಕೂತರು. "ಮೊದ್ಲು ನಿಮ್ದು ಹೇಗೆ ಅಂತ ಗೊತ್ತಾಗ್ಲಿ ಇರಿ."